ನೂರೇಳು ಮಣಿ

ಆ ಫ್ಯಾನು ಒಂದರ ಮೇಲೆ ಇಡು ತಂಗಿ, ಇಲ್ಲದಿದ್ದರೆ ಈ ಮಣಿಗಳು ತಾಟಿನಿಂದ ಉರುಳಿ ಕಪಾಟಿನ ಕೆಳಗೆ ಸೇರುತ್ತವೆ. ಈಗಾಗಲೇ ಒಂದು ಕಡಿಮೆ ಇದೆ. ಇನ್ನೊಂದು ಹೋದರೆ ದಾನವ್ವನಿಗೆ ಯಾವ ಮುಖ ತೋರಿಸಲಿ? ದಾನವ್ವ ಯಾರು ಅಂತ ಕೇಳಿದೆಯಲ್ಲ, ಅದನ್ನೇ ಹೇಳುತ್ತಿದ್ದೆ. ನೀನು ಬರುವುದು ಭಾನುವಾರ, ಅವಳು ಬರುವುದು ಉಳಿದ ಆರು ದಿನ, ನಿನಗೆ ಹೇಗೆ ಗೊತ್ತಿರಬೇಕು. ಈಗ ತಿಂದೆಯಲ್ಲ, ಆ ರೊಟ್ಟಿ ಅವಳು ಬಡಿದದ್ದು. ಪೆನ್ನು ತೆಗೆದುಕೊಂಡು ಕೂತಿದ್ದೀ, ಬರೆದುಕೋ. ನಾನು ಹಿಂದೆ ಮುಂದೆ ಹೇಳಿದರೆ ಹಾಗೇ ಬರೆ.

ದಾನವ್ವ ಇಂಡಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಧರ್ಮಣ್ಣನ ಜೊತೆ ಮುಂಬೈಗೆ ಬಂದಳು. ಧರ್ಮಣ್ಣನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬು ಹಾಕುವ ಮೊದಲು ಕೆಳಗೆ ಕಂಬ ಕೊಟ್ಟು, ಮೇಲೆ ಕಬ್ಬಿಣದ ಪ್ಲೇಟು ಜೋಡಿಸಿ ನಿಲ್ಲಿಸುವುದು. ಪರೇಲ್‌ನಲ್ಲಿ ಗಿರಣಿಗಳಿದ್ದ ಜಾಗದಲ್ಲಿ ಈಗ ಕತ್ತು ನೋಯುವಷ್ಟು ಎತ್ತರದ ಬಿಲ್ಡಿಂಗ್‌ಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಮಹಡಿ ಅವನ ಹೆಗಲ ಮೇಲೆ ಎದ್ದದ್ದು. ಮನೆ ಇಲ್ಲೇ, ಸಾಂತಾಕ್ರೂಜ್ ಪೂರ್ವದ ಚಾಳಿನಲ್ಲಿ ಒಂದು ಖೋಲಿ. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುವುದು ಅಲ್ಲಿಯವರಿಗೆಲ್ಲ ರೂಢಿ. ದಾನವ್ವ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಾಳೆ, ಇಲ್ಲಿ ಅಷ್ಟು ಸದ್ದು ಬರದಿದ್ದರೂ.

ಒಬ್ಬಳೇ ಮಗಳು, ಸಪ್ನಾ. ಹನ್ನೆರಡನೇ ಇಯತ್ತೆ ಮುಗಿಸಿ ಫೋರ್ಟ್‌ನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಫೋನು ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಅರ್ಧ ಹಿಂದಿ.

ಧರ್ಮಣ್ಣ ಕುಡಿಯುತ್ತಿದ್ದ, ಅದನ್ನು ಮುಚ್ಚಿಡುವುದೇಕೆ. ಕುಡಿದು ಹೊಡೆಯುವವನಲ್ಲ, ಹಾಡುವವನು. ಆದರೆ ಹಾಡು ಮುಗಿದ ಮೇಲೆ ಎರಡು ದಿನ ಕೆಲಸದ ಮುಖ ನೋಡುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ಊರಿನವರು ತಾಳ ಹಿಡಿದು ಪಂಢರಪುರದ ವಾರಿಗೆ ನಡೆದು ಹೊರಟಾಗ ದಾನವ್ವ ಅವನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಹಿರಿಯರೊಬ್ಬರ ಕೈಯಿಂದ ಅವನ ಕೊರಳಿಗೆ ತುಳಸಿ ಮಾಲೆ ಹಾಕಿಸಿದಳು. ನಮ್ಮ ಗಡಿ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಮಾಲೆ ಬಿತ್ತೆಂದರೆ ಸೆರೆ ಇಲ್ಲ, ಮಾಂಸ ಇಲ್ಲ, ಏಕಾದಶಿಗೆ ಊಟ ಇಲ್ಲ. ಜೀವ ಇರುವವರೆಗೆ ಅದು ಕೊರಳಿನಿಂದ ಇಳಿಯಬಾರದು. ಹೆಂಡತಿಯ ಮಾತು ಕೇಳದವರು, ಪೊಲೀಸರ ಮಾತು ಕೇಳದವರು ಆ ನೂರೆಂಟು ಮಣಿಯ ಮಾತು ಕೇಳುತ್ತಾರೆ.

ಧರ್ಮಣ್ಣನೂ ಕೇಳಿದ. ಸೈಟಿನಲ್ಲಿ ಜೊತೆಗಾರರು ಬಾಟಲಿ ತೆರೆದರೆ ಎದ್ದು ಆಚೆ ಹೋಗಿ ಕೂಡುತ್ತಿದ್ದ. ದಾನವ್ವ ಮೊಟ್ಟೆ ಬೇಯಿಸುವ ಪಾತ್ರೆಯನ್ನು ಕೂಡ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಆದರೂ ಒಂದು ಅಭ್ಯಾಸ ಬಿಡಲಿಲ್ಲ. ಸಂಜೆ ಅವನು ಚಪ್ಪಲಿ ಬಿಡುವಾಗ ನೀರಿನ ತಂಬಿಗೆ ಕೊಡುವ ನೆವದಲ್ಲಿ ಹತ್ತಿರ ಹೋಗಿ ಮೂಗು ಎಳೆಯುವುದು. ಸಿಮೆಂಟಿನ ವಾಸನೆ, ಬೆವರಿನ ವಾಸನೆ, ಅಷ್ಟೇ. ಅವಳ ಪಾಲಿಗೆ ಆವತ್ತಿನ ಪೂಜೆ ಅಲ್ಲಿಗೆ ಮುಗಿದ ಹಾಗೆ. ಮರುದಿನ ನಮ್ಮಲ್ಲಿ ಹಿಟ್ಟು ನಾದುತ್ತಾ, "ನಮ್ಮ ಮನಿಯವರು ಮಾಲಿ ಹಾಕ್ಯಾರ್ರೀ ಬಾಯಾರ" ಅನ್ನುವಾಗ ಅವಳ ಕೈ ಬೇರೆಯೇ ಲಯದಲ್ಲಿ ಬೀಳುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಅವಳ ಮನೆಯಲ್ಲಿ ಏನು ನಡೆದಿದೆ ಅಂತ ನಾನು ಇಲ್ಲಿ ಕೂತೇ ಹೇಳುತ್ತಿದ್ದೆ.

ಹೋದ ವರ್ಷದ ಮೊದಲಲ್ಲಿ ಪರೇಲ್‌ನ ಸೈಟಿನಲ್ಲಿ ಒಂದು ಕಂಬ ಜಾರಿ ಧರ್ಮಣ್ಣ ಬೆನ್ನು ಕೆಳಗಾಗಿ ಬಿದ್ದ. ಮೂಳೆ ಮುರಿಯಲಿಲ್ಲ, ಸೊಂಟ ಹಿಡಿದುಕೊಂಡಿತು. ದವಾಖಾನೆಯಲ್ಲಿ ಹತ್ತು ದಿನಕ್ಕೆ ನೋವಿನ ಗುಳಿಗೆ ಬರೆದುಕೊಟ್ಟರು. ಹತ್ತು ದಿನಕ್ಕಿಂತ ಹೆಚ್ಚು ಬೇಡ, ಆಮೇಲೆ ಬಂದು ತೋರಿಸು ಅಂತ ಹೇಳಿಯೂ ಕಳಿಸಿದರು. ಆದರೆ ಹನ್ನೊಂದನೇ ದಿನ ಅವನು ದವಾಖಾನೆಗೆ ಹೋಗಲಿಲ್ಲ, ಸೈಟಿಗೆ ಹೋದ. ಹೋಗದಿದ್ದರೆ ಅವನ ಜಾಗಕ್ಕೆ ಬೇರೆಯವನು ಬರುತ್ತಿದ್ದ. ಪ್ಲೇಟು ಎತ್ತಿದ, ಅಲ್ಲೇ ಕುಸಿದು ಕೂತ.

ಅವನ ಜೋಡಿ ಕೆಲಸ ಮಾಡುವ ಮರೆಪ್ಪ ಅವತ್ತು ಮಧ್ಯಾಹ್ನ ಅವನನ್ನು ರಿಕ್ಷಾದಲ್ಲಿ ಮನೆಗೆ ಕರೆತಂದ. ಯಾದಗಿರಿ ಕಡೆಯ ಹುಡುಗಾಟದ ಮನುಷ್ಯ, ಕೆಟ್ಟವನಲ್ಲ. ದಾನವ್ವನ ಎದುರಿಗೇ ಕಿಸೆಯಿಂದ ಗುಳಿಗೆಯ ಒಂದು ಪಟ್ಟಿ ತೆಗೆದ.

"ಅಣ್ಣಾ, ಸೈಟಿನ್ಯಾಗ ಅರ್ಧ ಮಂದಿ ಇದರ ಮ್ಯಾಲೇ ನಿಂತಾರ. ಮುಂಜಾನಿ ಒಂದು, ಮಧ್ಯಾಹ್ನ ಒಂದು. ಸೊಂಟ ಐತಿ ಅನ್ನೂದನ್ನ ಮರೀತೀ ನೋಡು."

"ನಾ ಮಾಲಿ ಹಾಕೀನಲೇ ಮರೆಪ್ಪಾ. ನನ್ನ ಹಂತ್ಯಾಕ ಇಂಥಾವೆಲ್ಲಾ ನಡಿಯಂಗಿಲ್ಲ."

"ಇದೇನ ಸೆರೀನಾ? ಗುಳಿಗಿ. ದವಾಖಾನ್ಯಾಗ ಕೊಟ್ಟಿದ್ದೂ ಇದನ್ನ. ಪಾಂಡುರಂಗಗೂ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತು ನಿಂತು ಬ್ಯಾನಿ ಆಗಿರಬೇಕು. ಮುಂದಿನ ವಾರಿಗೆ ಹೋದಾಗ ಅವಗೂ ಒಂದು ಒಯ್ದು ಕೊಡು."

ದಾನವ್ವ ನಕ್ಕಳು. ನಕ್ಕು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಆ ನಗು ಈಗಲೂ ತನ್ನನ್ನು ಚುಚ್ಚುತ್ತದೆ ಅಂತಾಳೆ. ಅವತ್ತು ಅವಳು ಸೆರೆ ಕಂಡಿದ್ದರೆ ಬಾಟಲಿಯನ್ನು ನಾಲೆಗೆ ಎಸೆದು ಮರೆಪ್ಪನನ್ನೂ ಹಿಂದೆಯೇ ನೂಕುತ್ತಿದ್ದಳು. ಕಂಡದ್ದು ಔಷಧ. ಔಷಧ ಕೊಟ್ಟವನಿಗೆ ಚಹಾ ಮಾಡಿಕೊಟ್ಟಳು.

ಎರಡು ಮೂರಾದವು, ಮೂರು ಆರಾದವು. ಸೊಂಟದ ನೋವು ಎಂದೋ ಹೋಗಿತ್ತು, ಗುಳಿಗೆ ಹೋಗಲಿಲ್ಲ. ಧರ್ಮಣ್ಣ ತಪ್ಪದೆ ಏಕಾದಶಿ ಮಾಡುತ್ತಿದ್ದ, ಹನಿ ನೀರೂ ಇಲ್ಲದೆ. ಗುಳಿಗೆ ಮಾತ್ರ ಒಣ ಬಾಯಿಯಲ್ಲೇ ನುಂಗುತ್ತಿದ್ದ. "ಔಷಧಕ್ಕ ಉಪಾಸ ಮುರಿಯಂಗಿಲ್ಲ" ಅನ್ನುತ್ತಿದ್ದ. ದಾನವ್ವನೂ ತಲೆಯಾಡಿಸುತ್ತಿದ್ದಳು. ಊಟಕ್ಕೆ ಕೂತಲ್ಲೇ ಅವನ ಕಣ್ಣು ಮುಚ್ಚುತ್ತಿತ್ತು. ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇರುತ್ತಿತ್ತು. ಮೈ ಕೆರೆದು ಕೆರೆದು ತೋಳೆಲ್ಲ ಗೀರು. ದಣಿದಿದ್ದಾನೆ ಅಂದುಕೊಂಡಳು. ಬಾಯಿ ಮೂಸಿದರೆ ವಾಸನೆ ಇಲ್ಲ, ಇನ್ನೇನು ಬೇಕು.

ಒಂದು ದಿನ ಏಳಲಾಗದೆ ಮಲಗಿ, ಅವಳನ್ನೇ ಮೆಡಿಕಲ್ಲಿಗೆ ಕಳಿಸಿದ. ಖಾಲಿ ಪಟ್ಟಿ ಹಿಡಿದುಕೊಂಡು ಹೋದಳು. ಅಂಗಡಿಯವನು ಅದನ್ನು ನೋಡಿ, ಡಾಕ್ಟರ ಚೀಟಿ ಇಲ್ಲದೆ ಇದನ್ನು ಕೊಡುವುದಿಲ್ಲ ಮೌಶಿ, ಯಾರಿಗೆ ಬೇಕು ಅಂತ ಕೇಳಿದ. ಕೇಳಿದ ರೀತಿಯಲ್ಲೇ ಅವಳಿಗೆ ಉರಿದುಹೋಯಿತು. "ಮೇರಾ ಆದ್ಮಿ ಮಾಲಾ ಪೆಹೆನ್ತಾ ಹೈ. ದಾರೂ ಕೋ ಹಾಥ್ ಭೀ ನಹೀಂ ಲಗಾತಾ" ಅಂತ, ಮಾಲೆ ಹಾಕಿದವನು ಸೆರೆಗೆ ಕೈಯನ್ನೂ ಹಚ್ಚುವುದಿಲ್ಲ ಅಂತ ರಸ್ತೆಗೆಲ್ಲ ಕೇಳುವ ಹಾಗೆ ಅವನನ್ನು ದಬಾಯಿಸಿದಳು. ಅವನು ಸುಮ್ಮನೆ ಕೈ ಮುಗಿದ. ಸ್ಟೇಷನ್ನಿನ ಆಚೆ ಬದಿಯ ಇನ್ನೊಂದು ಅಂಗಡಿಯವನು ಏನೂ ಕೇಳದೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಅದನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದಳು. ಇವತ್ತಿಗೂ ಆ ಮೊದಲಿನ ಅಂಗಡಿಯ ಮುಂದೆ ಹಾಯುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ಅವಳನ್ನು ನೋಡಿ ನಗುವ ಹಕ್ಕು ನನಗಿಲ್ಲ. ಐವತ್ತು ವರ್ಷದಿಂದ ಹಲ್ಲಿಗೆ ತಪಕೀರು, ಅದೇ ಹೊಗೆಸೊಪ್ಪಿನ ಪುಡಿ, ತಿಕ್ಕದೆ ನನ್ನ ಬೆಳಗಾಗುವುದಿಲ್ಲ. ಬಿಡು ಅಂದವರಿಗೆಲ್ಲ, ಇದು ಹಲ್ಲಿನ ಔಷಧ ಅಂತಲೇ ಹೇಳಿದ್ದೇನೆ. ನೀನು ನನ್ನ ಡಬ್ಬಿಯನ್ನು ಟಿವಿಯ ಹಿಂದೆ ಬಚ್ಚಿಟ್ಟದ್ದು ನನಗೆ ಗೊತ್ತು. ಇರಲಿ, ಬರೆ.

ಸಪ್ನಾ ಒಂದು ಭಾನುವಾರ ಕಸ ಗುಡಿಸುವಾಗ ಹಾಸಿಗೆಯ ಕೆಳಗಿನಿಂದ ಖಾಲಿ ಪಟ್ಟಿಗಳ ರಾಶಿ ತೆಗೆದಳು. ಮೊಬೈಲಿನಲ್ಲಿ ಹೆಸರು ಹಾಕಿ ನೋಡಿದಳು. ನೋಡಿ ಅಲ್ಲೇ ಕೂತಳು.

"ಅವ್ವಾ, ಅಪ್ಪಾ ದಿನಕ್ಕ ಎಷ್ಟ ತಗೋತಾರ?"

"ಯಾರಿಗ್ಗೊತ್ತವ್ವಾ. ನಾಕು, ಐದು."

"ನಿನ್ನೀದು ಮೈಂನೇ ಗಿನಾ, ಎಣಿಸೀನಿ. ಹದಿನಾಲ್ಕು. ಇದು ಬ್ಯಾನಿಗೆ ತಗೊಳ್ಳೂದಲ್ಲ ಈಗ. ನಶಾ ಹೈ ಅವ್ವಾ, ಚಟಾ ಹತ್ತೈತಿ."

"ಮಾಲಿ ಹಾಕಿದ ಮನಶ್ಯಾಗ ನಶೆ ಅಂತೀಯೇನ? ಬಾಯಿ ತೊಳ್ಕೊಂಡು ಬಾ ಮೊದಲ."

"ಮಾಲಿ ಕೊರಳಾಗ ಐತಿ. ಗೋಲಿ ತೋ ಹೊಟ್ಟ್ಯಾಗ ಹೋಗ್ತೈತಿ."

ದಾನವ್ವ ಮಗಳ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಯಾರಿಗೂ ಹೇಳದೆ, ಮನೆಯಲ್ಲಿದ್ದ ಪಟ್ಟಿಗಳನ್ನೆಲ್ಲ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಮಗಳ ಮಾತು ಸುಳ್ಳು ಅಂತ ತನಗೆ ತಾನೇ ತೋರಿಸಿಕೊಳ್ಳುವುದಕ್ಕೆ. ಔಷಧವಾಗಿದ್ದರೆ ಒಂದು ದಿನ ತಪ್ಪಿದರೆ ಸೊಂಟ ನೋಯಬೇಕು, ಅಷ್ಟೇ ತಾನೆ.

ಸೊಂಟ ನೋಯಲಿಲ್ಲ. ಧರ್ಮಣ್ಣನಿಗೆ ಮೊದಲು ಆಕಳಿಕೆ ಬಂತು, ಒಂದರ ಹಿಂದೆ ಒಂದು. ಆಮೇಲೆ ಮೂಗು, ಕಣ್ಣು ಸುರಿಯತೊಡಗಿದವು. ಮಧ್ಯಾಹ್ನದ ಹೊತ್ತಿಗೆ, ಈ ವರ್ಷದ ಮೇ ತಿಂಗಳ ಸೆಕೆಯಲ್ಲಿ ರಗ್ಗು ಹೊದ್ದು ನಡುಗುತ್ತಿದ್ದ, ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಲೆ ಒತ್ತುತ್ತಿದ್ದ. ಮಕ್ಕಳಿಗೆ ಬರುವಂಥ ಅಳು ಅವನಿಗೆ ಬಂತು. ಬೈಯಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ ಅಂತಾಳೆ ದಾನವ್ವ. ಅವನು ಬಗ್ಗಿ ಅವಳ ಪಾದದ ಮೇಲೆ ಹಣೆ ಇಟ್ಟ.

"ದಾನವ್ವಾ, ನಾ ಸೆರಿ ಕೇಳಾಕತ್ತಿಲ್ಲ. ಔಷಧ ಕೇಳಾಕತ್ತೀನಿ. ಬ್ಯಾನಿ ಬಿದ್ದವಗ ಔಷಧ ಕೊಡಂಗಿಲ್ಲೇನ?"

ಗಂಡನ ಹಣೆ ತನ್ನ ಪಾದ ಮುಟ್ಟಿದ್ದಕ್ಕೆ ಅವಳು ಕಾಲು ಹಿಂದೆಳೆದುಕೊಂಡಳು. ಹಿಟ್ಟಿನ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ತೆಗೆದಳು. ಹಿಟ್ಟು ಮೆತ್ತಿದ ಗುಳಿಗೆಗಳನ್ನು ಹಾಗೇ ನುಂಗಿದ. ಅರ್ಧ ತಾಸಿನಲ್ಲಿ ನಡುಕ ನಿಂತಿತು, ರಗ್ಗು ಮಡಚಿಟ್ಟ, ಚಹಾ ಕೇಳಿದ. ಮಗಳು ಹೇಳಿದ್ದು ನಿಜ ಅಂತ ಅವಳಿಗೆ ಗೊತ್ತಾದದ್ದು ಅವನ ನಡುಕದಿಂದಲ್ಲ, ಆ ಚಹಾದಿಂದ. ಮರುದಿನ ನಮ್ಮಲ್ಲಿ ಮೂರು ರೊಟ್ಟಿ ಹರಿದವು. ದಾನವ್ವನ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅವತ್ತೇ ನೋಡಿದ್ದು. ಏನಾಯಿತು ಅಂತ ಕೇಳಿದೆ. ಒಲೆ ಆರಿಸಿ, ನೆಲದ ಮೇಲೆ ಕೂತು ಎಲ್ಲ ಹೇಳಿದಳು.

ದವಾಖಾನೆಗೆ ಕರೆದೊಯ್ಯಲು ನಾಲ್ಕು ತಿಂಗಳು ಹಿಡಿಯಿತು. ನಾಳೆ, ಬರುವ ಸೋಮವಾರ, ಸ್ಲ್ಯಾಬು ಮುಗಿಯಲಿ ಅನ್ನುತ್ತಲೇ ಇದ್ದ ಧರ್ಮಣ್ಣ. ಕೊನೆಗೆ ಸಪ್ನಾ ಆಫೀಸಿಗೆ ರಜೆ ಹಾಕಿ ಒಂದು ತೋಳು ಹಿಡಿದಳು, ದಾನವ್ವ ಇನ್ನೊಂದು. ಪರೇಲ್‌ನ ಆ ದೊಡ್ಡ ದವಾಖಾನೆಯಲ್ಲಿ ಚಟ ಬಿಡಿಸುವ ವಿಭಾಗದ ಬೆಂಚಿನ ಮೇಲೆ ಕೂತು ದಾನವ್ವ ಸುತ್ತ ನೋಡಿದಳು. ಬಿಳಿ ಪುಡಿ ಎಳೆದು ಹಲ್ಲು ಕಡಿಯುತ್ತಿದ್ದ ಕಾಲೇಜಿನ ಹುಡುಗ, ಗಾಂಜಾ ಸೇದಿ ಸೇದಿ ಯಾರೋ ಕರೆಯುತ್ತಿದ್ದಾರೆ ಅಂತ ತಿರುಗಿ ತಿರುಗಿ ನೋಡುವ ರಿಕ್ಷಾದವನು, ನಿದ್ದೆಯ ಗುಳಿಗೆ ಬಿಡಲಾಗದ ಒಬ್ಬ ಟೀಚರ್ ಬಾಯಿ. ಅವರ ಪಕ್ಕದಲ್ಲಿ ಅವರವರ ತಾಯಂದಿರು, ಗಂಡಂದಿರು, ಮಡಿಲಲ್ಲಿ ಊಟದ ಡಬ್ಬಿ. ಇಂಥವರ ಮುಖ ಬೇರೆ ಥರ ಇರುತ್ತದೆ ಅಂದುಕೊಂಡಿದ್ದಳು. ಎಲ್ಲ ನಮ್ಮ ಲೋಕಲ್ ರೈಲಿನ ಮುಖಗಳೇ.

ಡಾಕ್ಟರು ಒಬ್ಬ ಹೆಣ್ಣುಮಗಳು, ಸಮಾಧಾನದಿಂದ ತಿಳಿಸಿ ಹೇಳಿದಳು. ಬಾಟಲಿಯಲ್ಲಿ ಬಂದರೂ ಪಟ್ಟಿಯಲ್ಲಿ ಬಂದರೂ ದೇಹಕ್ಕೆ ಹತ್ತುವುದು ಹತ್ತೇ ಹತ್ತುತ್ತದೆ, ಇದು ಅವನ ಕೆಟ್ಟತನವಲ್ಲ, ರೋಗ. ಹನ್ನೆರಡು ದಿನ ಒಳಗಿರಲಿ, ಆಮೇಲೆ ಪ್ರತಿ ಬುಧವಾರ ಬಂದು ತೋರಿಸಬೇಕು. ಒಂದು ವಾರ ತಪ್ಪಿಸಿದರೂ ಜಾರುತ್ತಾನೆ. ದಾನವ್ವ ಎಲ್ಲದಕ್ಕೂ ಹೂಂ ಅಂದಳು. ವಾರ್ಡಿನ ಬಾಗಿಲಲ್ಲಿ ನರ್ಸು, ಒಳಗೆ ಹೋಗುವವರ ಕೊರಳಲ್ಲಿ ಏನೂ ಇರಬಾರದು, ಸರ, ದಾರ, ಏನೇ ಇದ್ದರೂ ಮನೆಯವರ ಕೈಗೆ ಕೊಡಿ ಅಂದಳು. ಯಾರೂ ತಮ್ಮ ಜೀವಕ್ಕೆ ಅಪಾಯ ಮಾಡಿಕೊಳ್ಳಬಾರದು ಅಂತ ಅಲ್ಲಿಯ ನಿಯಮ.

ಧರ್ಮಣ್ಣ ಎರಡೂ ಕೈಯಿಂದ ಮಾಲೆ ಹಿಡಿದುಕೊಂಡ.

"ಇದು ಇರೂತನಕ ನಾ ಮನಶ್ಯಾ ಅದೀನಿ. ಇದನ್ನ ತಗದ್ರ ಮುಂದ ನಾ ಏನ ಮಾಡ್ತೀನೋ ನನ್ನ ಕೇಳಬ್ಯಾಡ."

"ಹನ್ನೆರಡ ದಿನ ಅಷ್ಟರಿ. ನನ್ನ ಕೈಯಾಗ ಇಟ್ಕೋತೀನಿ, ದೇವರ ಮುಂದ ಇಡ್ತೀನಿ."

"ಹಾಕಿಸಿದಾಕೀನೂ ನೀನ, ತಗ್ಯಾಕೀನೂ ನೀನ ಆಗು ಹಂಗಾರ."

ಹಿಂದೆ ಸಾಲು ಕಾಯುತ್ತಿತ್ತು. ನರ್ಸು ರಿಜಿಸ್ಟರ್ ತೆರೆದು ನಿಂತಿದ್ದಳು. ದಾನವ್ವ ಕೈ ಎತ್ತಿ ಅವನ ತಲೆಯ ಮೇಲಿಂದ ಮಾಲೆ ತೆಗೆಯಲು ಹೋದಳು. ಅವನು ಹಿಡಿದದ್ದು ಬಿಡಲಿಲ್ಲ. ನಾಲ್ಕು ವರ್ಷ ಬೆವರು ಕುಡಿದ ದಾರ, ಪಟ್ಟಂತ ಹರಿಯಿತು. ನುಣುಪು ನೆಲದ ಮೇಲೆ ಮಣಿಗಳು ದಿಕ್ಕಾಪಾಲಾದವು. ದಾನವ್ವ ಮೊಣಕಾಲೂರಿ ಆರಿಸತೊಡಗಿದಳು. ರಿಕ್ಷಾದವನು ಬಗ್ಗಿದ, ಟೀಚರ್ ಬಾಯಿ ಬಗ್ಗಿದಳು, ಹಲ್ಲು ಕಡಿಯುತ್ತಿದ್ದ ಹುಡುಗ ಬೆಂಚಿನ ಕೆಳಗೆ ತೂರಿಕೊಂಡು ನಾಲ್ಕು ಹೆಕ್ಕಿಕೊಟ್ಟ. ಅವಳು ತಲೆ ಎತ್ತುವಷ್ಟರಲ್ಲಿ ವಾರ್ಡಿನ ಬಾಗಿಲು ಹಾಕಿತ್ತು. ಧರ್ಮಣ್ಣ ಒಳಗೆ ಹೋಗಿದ್ದ. ಸೆರಗಿನಲ್ಲಿದ್ದ ಮಣಿ ಎಣಿಸಿದಳು. ನೂರೇಳು. ಮತ್ತೆ ಎಣಿಸಿದಳು. ಸಪ್ನಾ ಎಣಿಸಿದಳು. ನೂರೇಳು.

ಹನ್ನೆರಡು ದಿನವಾದ ಮೇಲೆ ಧರ್ಮಣ್ಣ ಮನೆಗೆ ಬಂದ. ಮುಖಕ್ಕೆ ಬಣ್ಣ ಬಂದಿತ್ತು. ನಾಲ್ಕು ರೊಟ್ಟಿ ತಿಂದ, ನಲ್ಲಿಯಿಂದ ನೀರು ತುಂಬಿಸಿದ, ಮಗಳ ಜೊತೆ ತಮಾಷೆ ಮಾಡಿದ. ಕೈ ಮಾತ್ರ ಮತ್ತೆ ಮತ್ತೆ ಖಾಲಿ ಕೊರಳಿಗೆ ಹೋಗುತ್ತಿತ್ತು. ಮೊದಲ ಬುಧವಾರ ತಾನೇ ಮುಂದಾಗಿ ಹೊರಟ. ಡಾಕ್ಟರು ಅವನ ಬೆನ್ನು ತಟ್ಟಿದಳಂತೆ.

ಹೋದ ಗುರುವಾರ ಮಧ್ಯಾಹ್ನ ಹೊರಗೆ ಹೋಗಿ ಬಂದ. ದಾನವ್ವ ಹಳೆಯ ರೂಢಿಯಂತೆ ತಂಬಿಗೆ ಹಿಡಿದು ಹತ್ತಿರ ಹೋದಳು, ಮೂಗು ಎಳೆದಳು. ಸೆರೆಯ ವಾಸನೆ. ನಾಲ್ಕು ವರ್ಷದ ಮೇಲೆ. ತಂಗಿ, ಇದನ್ನು ನನ್ನ ಹತ್ತಿರ ಹೇಳುವಾಗ ಅವಳು ತಲೆ ತಗ್ಗಿಸಿದಳು. ಆ ವಾಸನೆ ಬಂದ ಕ್ಷಣ ಅವಳಿಗೆ ಸಮಾಧಾನವಾಯಿತಂತೆ. ಇದು ತನಗೆ ಗೊತ್ತಿರುವುದು, ಮೂಗಿಗೆ ಸಿಗುವುದು, ಹಾಡಿ ಮಲಗುವುದು. ಆ ಸಮಾಧಾನದ ಹಿಂದೆಯೇ, ಸೆರೆಯ ಮೇಲೆ ಆ ಗುಳಿಗೆಯೂ ಬಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು ಅಂತ ಡಾಕ್ಟರು ಹೇಳಿದ್ದು ನೆನಪಾಯಿತು.

"ಏನ್ರಿ ಇದು. ಮಾಲಿ ಹಾಕಿದವರು..."

"ಎಲ್ಲೈತಿ ಮಾಲಿ? ಖಾಲಿ ಕೊರಳಿಗೆ ಯಾವ ಆಣಿ?"

"ಪೋಣಿಸಿ ಕೊಡ್ತೀನ್ರಿ. ಇವತ್ತ ಪೋಣಿಸ್ತೀನಿ."

"ನೂರಾಏಳು ಅದಾವು. ನಾನೂ ಎಣಿಸೀನಿ. ಒಂದು ಕಮ್ಮಿ ಇದ್ರ ಅದು ದಾರ, ಮಾಲಿ ಅಲ್ಲ. ಪೂರಾ ಮಾಡಿ ಕೊರಳಿಗೆ ಹಾಕು, ಬುಧವಾರ ನೀ ಕರದಲ್ಲಿಗೆ ಬರ್ತೀನಿ. ಇಲ್ಲಂದ್ರ ನಾ ಬರಂಗಿಲ್ಲ, ನನ್ನ ಎಳೀಬ್ಯಾಡ."

ಶುಕ್ರವಾರ ದಾನವ್ವ ಪರೇಲ್‌ಗೆ ಹೋಗಿ ಆ ವಾರ್ಡಿನ ಬಾಗಿಲ ಮುಂದೆ ಬೆಂಚು ಬೆಂಚು ಹುಡುಕಿದಳು. ಕಸ ಗುಡಿಸುವವಳು, ಇಷ್ಟು ದಿನವಾದ ಮೇಲೆ ಎಲ್ಲಿಯ ಮಣಿ, ಬಾಯಿ ಅಂತ ಅಂದರೂ ತಾನೂ ಪೊರಕೆ ತೂರಿಸಿ ನೋಡಿದಳಂತೆ. ಸಿಗಲಿಲ್ಲ. ಡಾಕ್ಟರನ್ನು ಕಂಡಳು. ಮುಂದೆ ಒಳಗೆ ಸೇರಿಸುವ ಪ್ರಸಂಗ ಬಂದರೆ ಮಾಲೆಯನ್ನು ನಮ್ಮ ಕಪಾಟಿನಲ್ಲಿ ಇಡೋಣ, ತೋರಿಸಲು ಬರುವಾಗ ಧಾರಾಳ ಹಾಕಿಕೊಂಡೇ ಬರಲಿ, ಬಂದರೆ ಸಾಕು ಅಂದಳು ಆ ಪುಣ್ಯಾತ್ಗಿತ್ತಿ.

ನಿನ್ನೆ ರೊಟ್ಟಿ ಮುಗಿಸಿ, ಸೆರಗಿನ ಗಂಟು ಬಿಚ್ಚಿ, ಮಣಿಗಳನ್ನು ಈ ತಾಟಿಗೆ ಸುರಿದಳು. "ಬಾಯಾರ, ಮಾಲಿ ಇದ್ರ ಗುಳಿಗಿ ತಗೋತಾರ, ಮಾಲಿ ಇಲ್ಲಂದ್ರ ಸೆರಿ ಕುಡೀತಾರ. ನಾ ಯಾವದನ್ನ ಕಾಯಲಿ?" ಅಂದಳು. ಎಂಬತ್ತೆರಡು ವರ್ಷ ಬದುಕಿದವಳು, ತಾಟಿನ ಮಣಿಗಳನ್ನೇ ಇನ್ನೊಮ್ಮೆ ಎಣಿಸಿದೆ. ಬೇರೆ ಮಣಿ ಹಾಕಿದರೆ ಆಗದೇನೇ ಅಂದರೆ, "ಅವರಿಗೆ ಗೊತ್ತಾದ್ರ ಬರಂಗಿಲ್ರಿ, ಅದ ಬೇಕಂತಾರ" ಅಂದಳು. ಮಣಿ ಇಲ್ಲೇ ಇರಲಿ, ನಾನು ಪೋಣಿಸಿಡುತ್ತೇನೆ ಅಂತ ಹೇಳಿ ಕಳಿಸಿದೆ. ಈ ಕಣ್ಣಿನಲ್ಲಿ ಸೂಜಿಗೆ ದಾರ ಏರಿಸಲೂ ಆಗುವುದಿಲ್ಲ.

ಮಣಿ ಪೂರ್ತಿಯಾದರೆ ಅವನು ನೆಟ್ಟಗಾಗುತ್ತಾನೆ ಅಂತ ನಾನು ಅಂದುಕೊಂಡಿಲ್ಲ. ಬುಧವಾರ ಆ ಬೆಂಚಿನ ಮೇಲೆ ಹೋಗಿ ಕೂತಾನು, ಅಷ್ಟೇ. ಅದರ ಮುಂದಿನ ಬುಧವಾರದ್ದು ಆಗ ನೋಡೋಣ.

ಅದಕ್ಕೆ ಕೇಳು. ನಾಳೆ ಒಂದು ದಿನ ಆಫೀಸು ಮುಗಿಸಿ ಇಲ್ಲಿಗೇ ಬಾ, ಬರುವಾಗ ಮಾಟುಂಗಾದಲ್ಲಿ ಇಳಿ, ಅಲ್ಲಿ ಪೂಜಾ ಸಾಮಾನಿನ ಅಂಗಡಿಗಳಿವೆ. ಈ ಒಂದು ಮಣಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ, ಇದೇ ಗಾತ್ರದ, ಇದೇ ಬಣ್ಣದ ಒಂದು ತುಳಸಿ ಮಣಿ ತಾ. ಹೊಸ ಹೊಳಪಿನದು ಬೇಡ. ಸ್ವಲ್ಪ ಹೊಳೆದರೂ ಚಿಂತೆಯಿಲ್ಲ, ಎಣ್ಣೆ ಅರಿಸಿನ ಹಚ್ಚಿ ನಾನು ಹಳೆಯದು ಮಾಡುತ್ತೇನೆ. ನಿನ್ನ ಆಫೀಸು ಪರೇಲ್‌ನಲ್ಲೇ ಇದೆಯಲ್ಲ, ದವಾಖಾನೆಯ ಬೆಂಚಿನ ಕೆಳಗೆ ನಿನಗೇ ಸಿಕ್ಕಿತು ಅಂತ ದಾನವ್ವನಿಗೆ ಹೇಳೋಣ. ಪಾಂಡುರಂಗ ಕೇಳಿದರೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಗಟ್ಟಿ ದಾರದ ಒಂದು ಉಂಡೆಯನ್ನೂ ತಾ, ಸೂಜಿಗೆ ನೀನೇ ಏರಿಸಿ ಕೊಡು, ಪೋಣಿಸುವುದು ನಾನು. ಮಂಗಳವಾರ ಸಂಜೆಗೆ ಅವಳು ಬಂದು ಒಯ್ಯುತ್ತಾಳೆ, ಅಷ್ಟರೊಳಗೆ ನನ್ನ ಕೈಗೆ ಬರಬೇಕು, ಮರೆಯಬೇಡ.